ಈ ವಾರದ ಹಡಗು: ಮಿಕಾಸಾ

ಎಲ್ಲರಿಗೂ ನಮಸ್ಕಾರ. ಭಾನುವಾರದ ಮಾತುಕತೆಗೆ ಜಪಾನಿನ ಯುದ್ಧನೌಕೆ ಮಿಕಾಸಾ ತಗೊಳ್ಳೋಣ. 1900ರ ಸುಮಾರಿನ ಬ್ಯಾಟಲ್‌ಶಿಪ್‌ಗಳಲ್ಲಿ (ದೊಡ್ಡ ಫಿರಂಗಿಗಳ ಭಾರಿ ಯುದ್ಧನೌಕೆಗಳು) ಇಂದಿಗೂ ಉಳಿದಿರುವುದು ಇದೊಂದೇ.

ಜಪಾನಿನದ್ದಾದರೂ ಕಟ್ಟಿದ್ದು ಇಂಗ್ಲೆಂಡಿನ ಬ್ಯಾರೋದಲ್ಲಿ, ವಿಕರ್ಸ್ ಕಂಪನಿ. 1900ರಲ್ಲಿ ನೀರಿಗಿಳಿಯಿತು, 1902ರಲ್ಲಿ ಸಿದ್ಧವಾಯಿತು. ತೂಕ ಸುಮಾರು 15,000 ಟನ್, ವೇಗ 18 ನಾಟ್ (ಗಂಟೆಗೆ ಸುಮಾರು 33 ಕಿ.ಮೀ.). ಇದರ ಫಿರಂಗಿಗಳ ಜೋಡಣೆಯನ್ನು ಚೆನ್ನಾಗಿ ಗಮನಿಸಿ. 12 ಇಂಚಿನವು (ಇದು ನಳಿಗೆಯ ಬಾಯಿಯ ಅಗಲ) ನಾಲ್ಕೇ: ಮುಂದೆ ಎರಡು, ಹಿಂದೆ ಎರಡು. ಪಕ್ಕಗಳಲ್ಲಿ 6 ಇಂಚಿನವು 14. 1906ರಲ್ಲಿ ಬಂದ ಬ್ರಿಟನ್ನಿನ ಯುದ್ಧನೌಕೆ ಡ್ರೆಡ್‌ನಾಟ್‌ನಲ್ಲಿ 12 ಇಂಚಿನವೇ ಹತ್ತು! ನಾಲ್ಕೇ ವರ್ಷಕ್ಕೆ ಮಿಕಾಸಾ ಹಳೇ ಮಾದರಿಯಾಯಿತು.

1905ರ ಮೇ 27ರಂದು ರಷ್ಯಾ-ಜಪಾನ್ ಯುದ್ಧದ ತ್ಸುಶಿಮಾ ಕಾಳಗದಲ್ಲಿ ಜಪಾನಿನ ಅಡ್ಮಿರಲ್ ಟೋಗೋ ಇದರ ಮೇಲೆ ನಿಂತೇ ರಷ್ಯಾದ ನೌಕಾಪಡೆಯನ್ನು ಎದುರಿಸಿದರು. 30ಕ್ಕೂ ಹೆಚ್ಚು ಗುಂಡು ಬಿದ್ದರೂ ಹಡಗು ಜಗ್ಗಲಿಲ್ಲ. ಆದರೆ ಅದೇ ಸೆಪ್ಟೆಂಬರ್‌ನಲ್ಲಿ, ಸಾಸೆಬೋ ಬಂದರಿನಲ್ಲಿ ನಿಂತಿದ್ದಾಗ ಮದ್ದಿನ ಕೋಣೆ ಸಿಡಿದು ಮುಳುಗಿತು. ತ್ಸುಶಿಮಾ ಕಾಳಗದಲ್ಲಿ ಈ ಹಡಗಿನ ಮೇಲೆ ಸತ್ತವರಿಗಿಂತ ಜಾಸ್ತಿ ಜನ ಅಂದು ಸತ್ತರು. ಓದುವಾಗ ನನಗೆ ತುಂಬಾ ಸಂಕಟವಾದದ್ದು ಇಲ್ಲೇ.

ಮುಂದಿನ ವರ್ಷ ಮೇಲೆತ್ತಿ, ರಿಪೇರಿ ಮಾಡಿ 1908ರಲ್ಲಿ ಮತ್ತೆ ಸೇವೆಗೆ ತಂದರು. ಎರಡನೇ ಮಹಾಯುದ್ಧದ ನಂತರ ಫಿರಂಗಿಗಳನ್ನು ಕಿತ್ತು ಹಾಕಿದರು. ಡೆಕ್ಕಿನ ಮೇಲೆ ಡಾನ್ಸ್ ಹಾಲ್ ಕೂಡ ಬಂತು! 1961ರಲ್ಲಿ ಮತ್ತೆ ಸರಿಪಡಿಸಿ ಜನ ನೋಡಲು ತೆರೆದರು. ಅದಕ್ಕೆ ಬೆಂಬಲ ಕೊಟ್ಟವರಲ್ಲಿ ಅಮೆರಿಕದ ಅಡ್ಮಿರಲ್ ನಿಮಿಟ್ಜ್ ಕೂಡ ಒಬ್ಬರು. ಈಗ ಜಪಾನಿನ ಯೊಕೊಸುಕಾದಲ್ಲಿದೆ.

ಫೋಟೋ ಹಾಕುವವರು ದಯವಿಟ್ಟು ವರ್ಷ ಬರೆಯಿರಿ. ಈಗ ಕಾಣುವ ಫಿರಂಗಿಗಳು ನಕಲು, ಹಳೇ ಚಿತ್ರಗಳ ಜೊತೆ ಬೆರೆಸಿದರೆ ಗೊಂದಲವಾಗುತ್ತದೆ ಅಲ್ವಾ?