ಭಾನುವಾರ ಅರಳಿಕಟ್ಟೆಯ ಬಳಿ ಸೇರೋಣ

ಹೊಂಗಸಂದ್ರದ ಎಲ್ಲರಿಗೂ ನಮಸ್ಕಾರ. 2025ರ ಆಗಸ್ಟ್‌ನಲ್ಲಿ ಮೆಟ್ರೊ ಹಳದಿ ಮಾರ್ಗ ಶುರುವಾಯಿತು. ಸಿಲ್ಕ್ ಬೋರ್ಡ್ ದಟ್ಟಣೆಯನ್ನು ಮೇಲಿನಿಂದಲೇ ದಾಟಬಹುದು, ಸಂತೋಷ. ಆದರೆ ನಮ್ಮ ಗಾರ್ಮೆಂಟ್ಸ್ ಅಕ್ಕತಂಗಿಯರಲ್ಲಿ ಅನೇಕರು ಇನ್ನೂ ಬಸ್ಸಿಗೇ ಕಾಯುತ್ತಾರೆ. ಶಕ್ತಿ ಯೋಜನೆಯಲ್ಲಿ ಅವರಿಗೆ ಸಾಮಾನ್ಯ ಬಸ್ಸು ಉಚಿತ, ಮೆಟ್ರೊಗೆ ದುಡ್ಡು ಬೇಕು. ನಿನ್ನೆ ಸಂಜೆ ನಿಲ್ದಾಣದ ಮೆಟ್ಟಿಲ ಬಳಿ ಒಬ್ಬ ತಾಯಿ ಸೆರಗಿನ ಗಂಟು ಬಿಚ್ಚಿ ಚಿಲ್ಲರೆ ಎಣಿಸಿದರು. ಮತ್ತೆ ಗಂಟು ಹಾಕಿಕೊಂಡು ಬಸ್ಸಿನತ್ತ ನಡೆದರು. ಕರುಳು ಚುರ್ ಎಂದಿತು.

ದುಡಿಯುವವರಿಗೆ ರಿಯಾಯಿತಿ ಪಾಸ್, ಒಳ ಓಣಿಗಳಿಂದ ನಿಲ್ದಾಣಕ್ಕೆ ಸಂಪರ್ಕ ಬಸ್ಸು ಕೇಳಿ ಮನವಿ ಬರೆಯೋಣ. ಭಾನುವಾರ ಬೆಳಿಗ್ಗೆ 10ಕ್ಕೆ ಬನ್ನಿ. ಮೆಟ್ರೊ ಹೆಸರು ಹೇಳಿ ಮನೆ ಬಾಡಿಗೆ ಏರಿಸಿದ್ದರೆ ಎಷ್ಟೆಂದು ಚೀಟಿಯಲ್ಲಿ ಬರೆದು ತನ್ನಿ. ರಾತ್ರಿ ಪಾಳಿಯವರು ನನಗೆ ಧ್ವನಿ ಸಂದೇಶ ಕಳುಹಿಸಿದರೂ ಸಾಕು.