ಗೋಮುಖದ ನೀರು: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯಾ,

ಚೈತ್ರದ ಆರಾಧನೆಯ ಜನಸಂದಣಿ ಕರಗಿದ ಮೇಲೆ, ಕಳೆದ ವಾರ ಶ್ರೀಧರ ಸ್ವಾಮಿಗಳ ಸಮಾಧಿಯಿರುವ ವರದಹಳ್ಳಿಗೆ ಹೋಗಿ ಬಂದೆ. ಕೊಡೆ ಏನಾಯಿತು ಎಂದು ನೀನು ಮೊದಲು ಕೇಳುತ್ತೀಯೆ. ಈ ಸಲ ಅದು ನನ್ನೊಂದಿಗೇ ಮನೆಗೆ ಮರಳಿದೆ.

ಸಾಗರದ ಕಡೆಯ ನಮ್ಮ ಮನೆಗಳಲ್ಲಿ ಶ್ರೀಧರ ಸ್ವಾಮಿಗಳೆಂದರೆ ದೇವರ ಮನೆಯ ಪಟ ಮತ್ತು ಮುಸ್ಸಂಜೆ ದೀಪ ಹಚ್ಚಿದ ಮೇಲೆ ಹೇಳುವ ‘ನಮಃ ಶಾಂತಾಯ ದಿವ್ಯಾಯ’. ಅಕ್ಷರಕ್ಕಿಂತ ಮೊದಲು ಅದು ಬಾಯಿಗೆ ಬಂದಿದ್ದರಿಂದ, ಅವರು ನಮ್ಮ ಊರಿನವರೇ ಎಂದು ನಾವಿಬ್ಬರೂ ಬಹುಕಾಲ ನಂಬಿದ್ದೆವು. ಆದರೆ 1908ರ ದತ್ತ ಜಯಂತಿಯಂದು ಕಲಬುರಗಿ ಸೀಮೆಯ ಲಾಡ್ ಚಿಂಚೋಳಿಯಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ತಂದೆತಾಯಿಯರನ್ನು ಕಳೆದುಕೊಂಡು, ಹೈದರಾಬಾದು, ಪುಣೆಗಳಲ್ಲಿ ಓದುತ್ತಿದ್ದ ಹುಡುಗ 1927ರಲ್ಲಿ ಎಲ್ಲವನ್ನೂ ಬಿಟ್ಟು ಸಮರ್ಥ ರಾಮದಾಸರ ಸಜ್ಜನಗಡಕ್ಕೆ ನಡೆದ. ಆಮೇಲೆ ದಕ್ಷಿಣಕ್ಕೆ ಬಂದು, 1942ರ ವಿಜಯದಶಮಿಯಂದು ಶಿರಸಿ ಸೀಮೆಯ ಶೀಗೇಹಳ್ಳಿಯಲ್ಲಿ ಸಂನ್ಯಾಸ ಸ್ವೀಕರಿಸಿ, ಕೊನೆಗೆ ನಮ್ಮ ಕಾಡಿನ ನಡುವಿನ ಈ ಗುಡ್ಡದಲ್ಲಿ ನೆಲೆ ನಿಂತರು. ಏಕಾಂತವನ್ನೇ ಅರಸಿದ ಆ ಯತಿಯ ಬಾಗಿಲಿಗೆ ನಮ್ಮ ಹಿರಿಯರು ಬಾಣಂತಿಯ ಜ್ವರದಿಂದ ಹಿಡಿದು ಅಡಿಕೆಯ ಕೊಳೆರೋಗದವರೆಗೆ ಎಲ್ಲವನ್ನೂ ಹೊತ್ತುಕೊಂಡು ಹೋದರು. 1973ರ ಏಪ್ರಿಲ್ 19ರಂದು ಅವರು ಸಮಾಧಿಸ್ಥರಾದ ಮೇಲೂ ಹೋಗುವುದನ್ನು ಬಿಡಲಿಲ್ಲ.

ಮೆಟ್ಟಿಲು ಹತ್ತುವ ಮುನ್ನ, ಶ್ರೀಧರ ತೀರ್ಥ ಎನ್ನುವ ನೀರು ಬೀಳುವ ಗೋಮುಖದ ಬಳಿ ನಿಂತಿದ್ದೆ. ನನ್ನ ಮುಂದಿದ್ದ ಹೆಂಗಸು ಬಾಟಲಿ ತುಂಬಿಸಿ, ಮುಚ್ಚಳವನ್ನು ಎರಡು ಬಾರಿ ಬಿಗಿದು, ಹೊರಮೈಯನ್ನು ಸೆರಗಿನಿಂದ ಒರೆಸಿ, ಮಗುವನ್ನು ಮಲಗಿಸುವಂತೆ ಚೀಲದಲ್ಲಿ ಇಟ್ಟಳು. ‘ಅತ್ತೆ ಮಲಗಿದಲ್ಲಿಯೇ ಇದ್ದಾರೆ, ಕೇಳಿದರು’ ಎಂದಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಅಮ್ಮ ಹಾಸಿಗೆ ಹಿಡಿದ ವರ್ಷ ನೀನು ಊರಿನಲ್ಲಿ ಇರಲಿಲ್ಲ. ಶ್ರೀಧರ ತೀರ್ಥ ಬೇಕೆಂದು ಅವಳು ಕೇಳಿದ್ದಳು. ಜಡಿಮಳೆಯ ದಿನ ಔಷಧಕ್ಕೆಂದು ಸಾಗರಕ್ಕೆ ಹೋದವನಿಗೆ ಹೊತ್ತಾಗಿ, ಕೊನೆಯ ಬಸ್ಸು ತಪ್ಪುವ ಭಯದಲ್ಲಿ ವರದಹಳ್ಳಿಗೆ ಹೋಗದೆ, ಪೇಟೆಯ ನಲ್ಲಿಯೊಂದರಲ್ಲಿ ಬಾಟಲಿ ತುಂಬಿಸಿಕೊಂಡು ಬಂದೆ. ನಾಳೆ ನಿಜವಾದದ್ದನ್ನು ತಂದರಾಯಿತು ಎಂದುಕೊಂಡಿದ್ದೆ. ಅಮ್ಮ ಗೋಡೆಗೆ ಒರಗಿ, ನಡುಗುವ ಬಲಗೈಗೆ ಎಡಗೈಯ ಆಧಾರ ಕೊಟ್ಟು ಮೂರು ಬಾರಿ ತೆಗೆದುಕೊಂಡು, ಅಂಗೈಯ ತೇವವನ್ನು ತಲೆಗೆ ಸವರಿಕೊಂಡಳು. ‘ಗುಡ್ಡದ ತಂಪೇ ತಂಪು’ ಎಂದಳು. ಆ ನಾಳೆ ಬರಲೇ ಇಲ್ಲ. ಅದಾದ ಹನ್ನೊಂದನೆಯ ದಿನ, ಕೊನೆಗಳಿಗೆಯಲ್ಲಿ ಅವಳ ಬಾಯಿಗೆ ಬಿಟ್ಟದ್ದೂ ಅದೇ ಬಾಟಲಿಯ ನೀರು, ಬಿಟ್ಟವನು ನಾನು.

ಇದನ್ನು ಬರೆಯಬೇಕೆಂದು ಕುಳಿತವನಲ್ಲ. ತಂಗಿಗೂ ಗೊತ್ತಿಲ್ಲ, ಇಲ್ಲಿ ಓದಿದರೆ ಓದಲಿ. ನಂಬಿ ಕುಡಿದವಳಿಗೆ ನಲ್ಲಿಯ ನೀರೂ ತೀರ್ಥವೇ ಎಂದು ನೀನು ಸಮಾಧಾನ ಹೇಳುತ್ತೀಯೆ. ಅವಳ ಮಟ್ಟಿಗೆ ಅದು ನಿಜವಿರಬಹುದು. ಆದರೆ ಅಂದು ಸಮಾಧಿಯ ಎದುರು ಕುಳಿತು ಮಂತ್ರ ಹೇಳಲು ಹೊರಟಾಗ ‘ಸತ್ಯಧರ್ಮಸ್ವರೂಪಿಣೇ’ ಎಂಬಲ್ಲಿ ಗಂಟಲು ಕಟ್ಟಿಕೊಂಡಿತು. ಇಷ್ಟು ವರ್ಷ ನಿತ್ಯ ಹೇಳುತ್ತ ಬಂದ ಸಾಲಿನಲ್ಲಿ ‘ಸತ್ಯ’ ಎಂಬ ಪದ ಇದೆ ಎಂಬುದೇ ನನ್ನ ಗಮನಕ್ಕೆ ಬಂದಿರಲಿಲ್ಲ. ಉಳಿದರ್ಧವನ್ನು ಹೇಳದೆ ಎದ್ದು ಬಂದೆ.

ಇಳಿಯುವಾಗ ಗೋಮುಖದಲ್ಲಿ ಒಂದು ಬಾಟಲಿ ತುಂಬಿಸಿಕೊಂಡೆ. ದೇವರ ಮನೆಯಲ್ಲಿದೆ, ಇನ್ನೂ ಮುಚ್ಚಳ ತೆರೆದಿಲ್ಲ.

ಸಾಕು, ಈ ಮಾತನ್ನು ಇಲ್ಲಿಗೇ ಬಿಡುತ್ತೇನೆ. ಅಂಗಳದ ಚಾಪೆಯ ಮೇಲೆ ಹಲಸಿನ ಹಪ್ಪಳ ಒಣಗುತ್ತಿದೆ, ನಿನ್ನ ಪಾಲನ್ನು ತಂಗಿ ಆಗಲೇ ಬೇರೆ ಡಬ್ಬಿಯಲ್ಲಿ ಎತ್ತಿಟ್ಟಿದ್ದಾಳೆ. ಮಳೆ ಹಿಡಿಯುವ ಮೊದಲು ಬಾ, ಇಬ್ಬರೂ ವರದಹಳ್ಳಿಗೆ ಹೋಗೋಣ. ಕೊಡೆ ಮಾತ್ರ ನನ್ನ ಕೈಯಲ್ಲಿಯೇ ಇರಲಿ.

ನಿನ್ನವ