ಬೀಟೆ ಮಂಚದ ವಿಚಾರ

ಸಾಗರ
ಗುರುವಾರ, ಮಧ್ಯಾಹ್ನ

ಚಿ|| ಸೌ|| ಪುಟ್ಟಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ ಸಾಂಪ್ರತ.

ನಿನ್ನ ಕಾಗದ ಸೋಮವಾರ ಬಂತು. ಮನೆ ಸಾಲದ್ದು, ಗೃಹಪ್ರವೇಶದ್ದು, ನಿಮ್ಮ ಅತ್ತೆಯವರ ಮಂಡಿನೋವಿನದ್ದು ಎಲ್ಲ ಓದಿದೆ. ಅದಕ್ಕೆಲ್ಲ ನಿನ್ನಮ್ಮ ಫೋನಿನಲ್ಲೇ ಉತ್ತರ ಹೇಳಿ ಮುಗಿಸಿರುತ್ತಾಳೆ. ಕೊನೇ ಪುಟದ ಅಂಚಿನಲ್ಲಿ, ಜಾಗ ಸಾಲದೆ ಅಡ್ಡಡ್ಡ ಗೀಚಿದ್ದೀಯಲ್ಲ, ನಾನು ಬರೆಯಲು ಕೂತದ್ದು ಆ ಒಂದು ಸಾಲಿಗೆ. "ಮುಂಗಡ ಕೊಟ್ಟು ಬಂದೆ ದೊಡ್ಡಮ್ಮ, ಆದರೆ ಆ ಮಂಚದ ಮೇಲೆ ಯಾರು ಸತ್ತಿದ್ದಾರೋ ಅನ್ನೋದು ತಲೆಗೆ ಹೊಕ್ಕು ಎರಡು ರಾತ್ರಿಯಿಂದ ನಿದ್ದೆ ಇಲ್ಲ." ಓದಿದವಳು ಕಾಗದ ಮಡಿಚಿ ಗಡಿಯಾರದ ಹಿಂದೆ ಇಟ್ಟೆ. ಅವತ್ತು ನನಗೂ ನಿದ್ದೆ ಹತ್ತಲಿಲ್ಲ.

ಹಳೇ ಸಾಮಾನು ತರಬೇಡ ಅಂತ ನಾನು ಹೇಳುವವಳಲ್ಲ. ನಿನ್ನ ತಮ್ಮನ ಮದುವೆಗೆ ಕೊಂಡ ಹೊಸ ಮಂಚದ ಗತಿ ನೋಡಿದ್ದೀಯಲ್ಲ. ಮರದ ಪುಡಿಗೆ ಅಂಟು ಕಲಸಿ ಒತ್ತಿದ ಹಲಗೆ, ಅದರ ಮೇಲೆ ಮರದ ಚಿತ್ರದ ಕಾಗದ. ಎರಡು ಮಳೆಗಾಲಕ್ಕೆ ಅಂಚು ಉಬ್ಬಿ ಉಪ್ಪಿಟ್ಟಿನ ಹಾಗೆ ಉದುರತೊಡಗಿತು. ಅದರ ಪಕ್ಕದಲ್ಲಿ ಬೀಟೆ ಮರದ ಹಳೇ ಮಂಚ ಅಂದರೆ ಯಾರಿಗೆ ಬೇಡ?

ಯಾರು ಸತ್ತಿದ್ದಾರೋ ಅಂದೆ. ನಮ್ಮ ಕಡೆಯ ಮನೆಗಳಲ್ಲಿ ಮಂಚದ ಮೇಲೆ ಸಾಯಲು ಬಿಡುತ್ತಿದ್ದರೇನೇ? ಉಸಿರು ಏರುಪೇರಾಯಿತು ಅಂದ ಕೂಡಲೇ ನಡುಮನೆ ಸಾರಿಸಿ, ದರ್ಭೆ ಹಾಸಿ, ದಕ್ಷಿಣಕ್ಕೆ ತಲೆ ಮಾಡಿ ನೆಲಕ್ಕಿಳಿಸುತ್ತಿದ್ದರು. ಮಂಚದ ಮೇಲೆ ಪ್ರಾಣ ಹೋದರೆ ದೋಷ, ಅದಕ್ಕೆ ಬೇರೆ ಪ್ರಾಯಶ್ಚಿತ್ತ. ಹಾಗೆ ನೋಡಿದರೆ ಹಳೇ ಮನೆಗಳಲ್ಲಿ ಸಾವು ಕಂಡದ್ದು ನೆಲ. ನಿಮ್ಮ ಅತ್ತೆಯವರಿಗೂ ಇದನ್ನೇ ಹೇಳು, ತಿಳಿದವರು, ಒಪ್ಪಿಯಾರು. ಇಷ್ಟು ಬರೆದು ಕಾಗದ ಮುಗಿಸಬಹುದಿತ್ತು. ಆದರೆ ನೆಲಕ್ಕಿಳಿಸದೇ ಹೋದ ಒಂದು ಮಂಚ ನನಗೆ ಗೊತ್ತು. ಅದು ನಮ್ಮ ಮನೆಯದೇ. ಅದಕ್ಕೆ ಬರುತ್ತೇನೆ, ಸ್ವಲ್ಪ ತಡಿ.

ಶಿವಾಜಿನಗರದ ಅಂಗಡಿಯವ "ಮಲೆನಾಡಿನ ಮನೆಯದು, ನೂರೈವತ್ತು ವರ್ಷದ್ದು" ಅಂದನಂತೆ. ಆ ಮಾತು ಅವನು ದಿನಕ್ಕೆ ಹತ್ತು ಸಲ ಹೇಳುತ್ತಾನೆ. ಮಂಚವನ್ನು ಮಗುಚಿ ಹಾಕಿಸು. ಪಟ್ಟಿಯ ತುದಿ ಕಾಲಿನ ತೂತಿನೊಳಗೆ ಕೂತು ಬೆಣೆ ಹೊಡೆದಿದ್ದರೆ ಕೈಕೆಲಸದ್ದು. ಪ್ಲಸ್ ಗುರುತಿನ ಸ್ಕ್ರೂ ಕಂಡರೆ ಒಂದೋ ಮಂಚ ಈಚಿನದು, ಇಲ್ಲ ಯಾರೋ ರಿಪೇರಿ ಮಾಡಿದ್ದಾರೆ. ನಿಜವಾಗಿ ನೂರು ವರ್ಷ ದಾಟಿದ ಸಾಮಾನಿಗೆ 1972ರ ಪುರಾತನ ವಸ್ತುಗಳ ಕಾನೂನು ಬರುತ್ತದೆ, ದೇಶದ ಹೊರಗೆ ಒಯ್ಯಲಾಗದು ಅಂತ ನಿನ್ನ ದೊಡ್ಡಪ್ಪ ಹೇಳುತ್ತಿದ್ದರು. ನಾಳೆ ಅಳಿಯಂದಿರಿಗೆ ಹೊರದೇಶಕ್ಕೆ ವರ್ಗವಾದರೆ ಮಂಚ ಇಲ್ಲೇ ಬಿಟ್ಟು ಹೋಗಬೇಕಾದೀತು, ಅಷ್ಟೇ. ಹಾಗೆಯೇ ಅದೇ ಅಂಗಡಿಯ ಬಿಳಿ ಕುಸುರಿಯ ಮೇಜಿನ ವಿಚಾರ ಬರೆದಿದ್ದೀಯಲ್ಲ, ಅವನು ದಂತ ಅಂತ ಹೇಳಿದ್ದರೆ ಅದನ್ನು ಮುಟ್ಟಲೂ ಹೋಗಬೇಡ. ದಂತ ಮಾರುವುದೇ ಅಪರಾಧ. ಬಹುಶಃ ಪ್ಲಾಸ್ಟಿಕ್ಕೇ ಇರಬೇಕು, ಆದರೂ ಬೇಡ.

ಹಳೇ ಸಾಮಾನು ಅಂಗಡಿಗೆ ಹೇಗೆ ಬರುತ್ತದೆ ಅಂತ ನೀನು ಯೋಚನೆ ಮಾಡಿಲ್ಲ. ಸಾವಿನಿಂದ ಬರುವುದು ಕಡಿಮೆ, ಪಾಲಿನಿಂದ ಬರುವುದು ಹೆಚ್ಚು. ಅಣ್ಣತಮ್ಮಂದಿರು ನಾಲ್ವರು, ಮಂಚ ಒಂದು. ಕಡಿದು ಹಂಚಲಾಗುತ್ತದೆಯೇ? ಮಾರಿ ದುಡ್ಡು ಹಂಚುತ್ತಾರೆ. 1974ರ ಭೂಸುಧಾರಣೆ ಆದ ಮೇಲೆ ಗೇಣಿ ನಿಂತು, ದೊಡ್ಡ ಮನೆ ಸುಧಾರಿಸಲಾಗದೆ ಹೀಗೆ ಹಂಚಿಹೋದ ಮನೆಗಳನ್ನು ನಾನೇ ಸುಮಾರು ಕಂಡಿದ್ದೇನೆ. ಆಮೇಲೆ ತಾರಸಿ ಮನೆ ಬಂತು. ಅದರ ಬಾಗಿಲಲ್ಲಿ ಅಜ್ಜನ ಕಪಾಟು ತೂರುವುದಿಲ್ಲ. ರಾಮೇಶ್ವರಕ್ಕೆ ಹೋಗಿ ಬರುವಾಗ ತಮಿಳುನಾಡಿನ ಕಾರೈಕುಡಿಯಲ್ಲಿ, ಹಳೇ ಸಾಮಾನು ಮಾರುವ ಮುನೀಶ್ವರನ್ ಕೋವಿಲ್ ಬೀದಿಯಲ್ಲಿ ನಿಂತು ನೋಡಿದ್ದೆ. ಚೆಟ್ಟಿಯಾರರ ಮನೆಗಳಿಗೆ ಬರ್ಮಾದಿಂದ ಬಂದ ಸಾಗುವಾನಿ, ಬಾಗಿಲುವಾಡ, ಕಂಬ, ಎನಾಮಲ್ ಬೋಗುಣಿ, ಯಾರದೋ ಅಜ್ಜಿಯ ಫೋಟೋ ಚೌಕಟ್ಟಿನ ಸಮೇತ. ನಿನ್ನ ದೊಡ್ಡಪ್ಪ ಬೆಲೆ ವಿಚಾರಿಸುತ್ತಿದ್ದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ, ಬಸ್ಸಿಗೆ ಹೋಗಿ ಕೂತೆ.

ನಮ್ಮ ತವರಿನದು ಪಾಲಿನಿಂದ ಹೋದದ್ದೂ ಅಲ್ಲ, ನೀರಿನಿಂದ ಹೋದದ್ದು. 1964. ನಿನ್ನಮ್ಮ ಆಗ ಕಂಕುಳಲ್ಲಿದ್ದಳು, ಅವಳಿಗೆ ಏನೂ ನೆನಪಿಲ್ಲ. ಲಿಂಗನಮಕ್ಕಿ ಅಣೆಕಟ್ಟಿನ ನೀರು ಬರುವ ಮುಂಚೆ ಘಟ್ಟದ ಕೆಳಗಿನ ವ್ಯಾಪಾರಿಗಳು ಲಾರಿ ಕಟ್ಟಿಕೊಂಡು ಬಂದಿದ್ದರು. ಮುಳುಗಡೆ ಮಾಲು ಅಂದರೆ ಸೌದೆ ರೇಟು. ಹಿತ್ತಾಳೆ ಸರಪಳಿಯ ತೂಗುಮಂಚ ಇತ್ತು ನಮ್ಮ ಜಗಲಿಯಲ್ಲಿ. ಅದನ್ನು ಮಾತ್ರ ಒಯ್ಯೋಣ ಅಂತ ಅಮ್ಮ ಅತ್ತಳು. "ಹೊಸ ಜಾಗದಲ್ಲಿ ಸೋಗೆಯ ಸೂರು ಕಣೇ, ತೂಗುಹಾಕಲು ತೊಲೆ ಎಲ್ಲಿದೆ" ಅಂದರು ಅಪ್ಪಯ್ಯ. ಲಾರಿ ಹೋದ ಮೇಲೆ ತೊಲೆಯಲ್ಲಿ ನಾಲ್ಕು ಕೊಂಡಿ ಮಾತ್ರ ಉಳಿದವು. ಮನೆ ಬಿಡುವವರೆಗೂ ನಾವು ಮಕ್ಕಳು ಆ ಕೊಂಡಿಗಳ ಕೆಳಗೆ ಕೂರುತ್ತಿರಲಿಲ್ಲ.

ಆ ತೂಗುಮಂಚ ಮಂಗಳೂರು ಕಡೆ ಎಲ್ಲೋ ಯಾರದೋ ಚಾವಡಿಯಲ್ಲಿದ್ದೀತು. ಅದರ ಮೇಲೆ ಯಾರೂ ಸತ್ತಿರಲಿಲ್ಲ. ಆದರೆ ಅಪ್ಪಯ್ಯ ಅದನ್ನು ಮಾರಿದ ದಿನ ಊಟ ಮಾಡಲಿಲ್ಲ. ಆ ಸಂಕಟ ಕೊಂಡವರ ಮನೆಗೆ ಹೋಗಿದೆಯೇ? ಅವರ ಮಕ್ಕಳು ಅದರ ಮೇಲೆ ಕೂತು ಎಣಿಕೆ ಕಲಿತಿರಬೇಕು, ಮೊಮ್ಮಕ್ಕಳು ಬಿದ್ದು ಹಲ್ಲು ಮುರಿದುಕೊಂಡಿರಬೇಕು. ನಿನಗೆ ಹೆದರಿಕೆ ಆಗಬೇಕಾದದ್ದೇ ಆದರೆ ಇಂಥದ್ದಕ್ಕೂ ಆಗಬೇಕಲ್ಲ. ಸಾವಿಗೊಂದೇ ಯಾಕೆ ಹೆದರುತ್ತೀ?

ಹೀಗೆ ಕೇಳುವ ಬಾಯಿ ನನಗಿಲ್ಲ. ನಾನೂ ಹೆದರಿದವಳೇ.

ನಮ್ಮ ಅತ್ತೆ ಹೋದದ್ದು 1983ರ ಆಷಾಢದಲ್ಲಿ, ನಿನಗೆ ಅಷ್ಟು ಗೊತ್ತು. ನಿದ್ದೆಯಲ್ಲೇ ಹೋದರು, ಪುಣ್ಯವಂತೆ ಅಂತ ಊರೆಲ್ಲ ಹೇಳಿತು. ಗಂಡಸರು ಯಾರೂ ಮನೆಯಲ್ಲಿರಲಿಲ್ಲ, ಹೊಳೆ ಬಂದು ಆಚೆ ದಡದಲ್ಲಿ ಸಿಕ್ಕಿಕೊಂಡಿದ್ದರು. ನಡುರಾತ್ರಿ ಅತ್ತೆ ನನ್ನನ್ನು ಕರೆದರು. "ನನ್ನ ಕೆಳಗಿಳಿಸೇ" ಅಂದರು. ಧ್ವನಿ ಗಟ್ಟಿಯಾಗಿಯೇ ಇತ್ತು. ನಾನು ಲಾಟೀನು ಎತ್ತಿ ಮುಖ ನೋಡಿದೆ. ನೆಲ ಮಳೆಗೆ ನೀರೊಸರಿ ತಣ್ಣಗೆ ಕೊರೆಯುತ್ತಿತ್ತು. "ಥಂಡಿ ಹಿಡಿಯುತ್ತೆ ಅತ್ತೆ, ಬೆಳಗಾಗಲಿ" ಅಂದೆ. ಅವರು ಮತ್ತೆ ಕೇಳಲಿಲ್ಲ. ಕಂಬಳಿ ಸರಿಮಾಡಿ ಬಂದು ಮಲಗಿದೆ. ಬೆಳಿಗ್ಗೆ ಹಾಲು ಕರೆದು ಕಾಫಿ ಒಯ್ದರೆ ಆಗಿಹೋಗಿತ್ತು.

ಕರೆದದ್ದನ್ನು ನಾನು ಯಾರಿಗೂ ಹೇಳಲಿಲ್ಲ. ನಿನ್ನ ದೊಡ್ಡಪ್ಪನಿಗೂ ಇಲ್ಲ. ಪುರೋಹಿತರು ಪ್ರಾಯಶ್ಚಿತ್ತ ಮಾಡಿಸಿದರು. ಮಂಚ ಮನೆಯಲ್ಲಿಡುವುದು ಬೇಡ ಅಂತ ಯಾರೋ ಅಂದರು. ಯಾರೋ ಏನು, ನಾನೇ ಮೊದಲು ಅಂದದ್ದು. ಆ ಕೋಣೆಗೆ ಹೋಗಲು ನನಗಾಗುತ್ತಿರಲಿಲ್ಲ. ಹನ್ನೆರಡನೆಯ ದಿನ ಹಾಸಿಗೆ, ಕೊಡೆ, ಚಪ್ಪಲಿ, ಲಾಟೀನಿನ ಜೊತೆ ಶಯ್ಯಾದಾನಕ್ಕೆ ಕೊಟ್ಟುಬಿಟ್ಟೆವು. ತೆಗೆದುಕೊಂಡವರ ಮನೆಯಲ್ಲಿ ಅಂಥ ಮಂಚ ಮೂರಿದ್ದವು, ಅವರಾದರೂ ಏನು ಮಾಡಿಯಾರು. ದೀಪಾವಳಿಯೊಳಗೆ ಶಿವಮೊಗ್ಗದ ಯಾರಿಗೋ 400 ರೂಪಾಯಿಗೆ ಕೊಟ್ಟರಂತೆ. ಬೀಟೆ ಮಂಚ, ಬುಗುರಿಯ ಹಾಗೆ ಕಡೆದ ಕಾಲು. ಮಂಚ ಹೋದರೆ ಎಲ್ಲ ಹೋದೀತು ಅಂದುಕೊಂಡಿದ್ದೆ. ಬರೀ ಆ ಕೋಣೆ ದೊಡ್ಡದಾಯಿತು, ಅಷ್ಟೇ.

ಈಗ ತಿಳಿಯಿತಲ್ಲ, ನಿನ್ನ ಒಂದು ಸಾಲು ನನ್ನನ್ನು ಯಾಕೆ ಎಬ್ಬಿಸಿತು ಅಂತ. ನೀನು ಹೆದರುತ್ತಿರುವ ಮಂಚವನ್ನು ಪೇಟೆಗೆ ಕಳಿಸಿದವರಲ್ಲಿ ನಾನೂ ಒಬ್ಬಳು. ಅದನ್ನು ಕೊಂಡ ಮನೆಯವರಿಗೆ ಏನಾದರೂ ಕೆಡುಕಾಗಿದ್ದರೆ ಅಂತ ಮೊದಲೆಲ್ಲ ಯೋಚನೆ ಬರುತ್ತಿತ್ತು. ಈಗ ಬರುವುದಿಲ್ಲ. ಆ ಮಂಚದ ಮೇಲೆ ಅತ್ತೆ ಹನ್ನೆರಡು ವರ್ಷ ನನ್ನ ಮಕ್ಕಳಿಗೆ ಕತೆ ಹೇಳಿದ್ದಾರೆ. ಜ್ವರ ಬಂದಾಗ ನನ್ನನ್ನೂ ಅದರ ಮೇಲೆ ಮಲಗಿಸಿಕೊಂಡು ಹಣೆಗೆ ಒದ್ದೆ ಬಟ್ಟೆ ಹಾಕಿದ್ದಾರೆ. ಒಂದು ರಾತ್ರಿಯದ್ದನ್ನೇ ಹಿಡಿದುಕೊಂಡರೆ ಹೇಗೆ. ಆದರೂ ನಾನು ಅದನ್ನೇ ಹಿಡಿದುಕೊಂಡಿದ್ದೇನೆ, ಏನು ಮಾಡಲಿ.

ಹಳೇ ಮಂಚ ಎಲ್ಲಿ ಕಂಡರೂ ನಾನು ಬಗ್ಗಿ ನೋಡುತ್ತೇನೆ. ನಿನ್ನ ದೊಡ್ಡಪ್ಪನಿಗೆ ನಾಚಿಕೆಯಾಗುತ್ತಿತ್ತು. ತಲೆದಿಸೆಯ ಬಲಗಡೆ ಕಾಲು ನೋಡುತ್ತೇನೆ. ಅತ್ತೆ ಏಳುವಾಗ ಅದನ್ನು ಹಿಡಿದೇ ಏಳುತ್ತಿದ್ದರು, ಗೇಣುದ್ದ ಜಾಗ ಸವೆದು ಗಾಜಿನ ಹಾಗೆ ನುಣುಪಾಗಿತ್ತು. ನಿನಗೂ ಇದು ಉಪಯೋಗಕ್ಕೆ ಬಂದೀತು: ನಿಜವಾಗಿ ಹಳೆಯದಾದ ಮರ ಕೈ ತಾಗುವಲ್ಲಿ, ಮೈ ಒರಗುವಲ್ಲಿ ಮಾತ್ರ ಸವೆದಿರುತ್ತದೆ. ಹಳೆಯದು ಅಂತ ತೋರಿಸಲು ಉಜ್ಜಿದ್ದಾದರೆ ಎಲ್ಲ ಕಡೆ ಒಂದೇ ಸಮ ಸವೆದಿರುತ್ತದೆ, ಯಾರ ಕೈಯೂ ಹೋಗದ ಮೂಲೆಯಲ್ಲೂ. ಬೀಟೆಯೋ ಬಣ್ಣ ಬಳಿದ ಹಲಸೋ ಅಂತ ನೋಡಲು ಒಂದು ತುದಿ ಎತ್ತಿ ನೋಡು, ಬೀಟೆ ಹೆಣಭಾರ. ಅಯ್ಯೋ, ಎಂಥ ಮಾತು ಬಂತು ನೋಡು. ಹೊಡೆದು ಹಾಕಿದರೆ ಕಾಗದ ಗಲೀಜಾಗುತ್ತದೆ, ಇರಲಿ. ಹಲಗೆಯ ಕೆಳಮೈಯಲ್ಲಿ ಪಾಲಿಶ್ ಇರುವುದಿಲ್ಲ, ಅಲ್ಲಿ ಸ್ಪಿರಿಟ್ ಅದ್ದಿದ ಹತ್ತಿ ಉಜ್ಜಿದರೆ ಬಳಿದ ಬಣ್ಣವಾದರೆ ಬಿಡುತ್ತದೆ ಅಂತ ನಮ್ಮ ಆಚಾರಿ ಹೇಳುತ್ತಿದ್ದ. ನನಗೆ ಇದಕ್ಕಿಂತ ಹೆಚ್ಚು ತಿಳಿಯದು.

ಕುಟ್ಟೆ ಹುಳ ಇದೆಯೋ ನೋಡು. ತೂತು ಕಂಡರೆ ಗಾಬರಿ ಬೇಡ, ಹಳೇ ತೂತು ಕಪ್ಪಾಗಿರುತ್ತದೆ. ಮಂಚದ ಕಾಲಿನ ಕೆಳಗೆ ಕರಿ ಕಾಗದ ಹಾಸಿ ವಾರ ಬಿಟ್ಟು ನೋಡಲು ಅಂಗಡಿಯವನಿಗೆ ಹೇಳು. ಹೊಸ ಹಿಟ್ಟು ಉದುರಿದ್ದರೆ ಒಳಗೆ ಜೀವ ಇದೆ ಅಂತ. ಚೇಗಿಗೆ, ಅಂದರೆ ಮರದ ಒಳಗಿನ ಗಟ್ಟಿ ತಿರುಳಿಗೆ, ಆ ಹುಳ ಬಾಯಿ ಹಾಕುವುದು ಕಡಿಮೆ, ಹೊರಗಿನ ಬಿಳಿ ಭಾಗ ಸೇರಿಸಿ ಮಾಡಿದ್ದರೆ ಅಲ್ಲೇ ಹಿಡಿಯುವುದು. ಸಂದುಗಳಲ್ಲಿ ತಿಗಣೆಯನ್ನೂ ನೋಡು. ಸತ್ತವರಿಗಿಂತ ನಿನ್ನ ನಿದ್ದೆ ಕೆಡಿಸುವುದು ಅದು. ಮತ್ತೆ, ಹೊಳಪು ಬರಲಿ ಅಂತ ಅವನು ಇಡೀ ಮಂಚ ಕೆರೆದು ಮೆಷಿನ್ ಪಾಲಿಶ್ ಹೊಡೆಸಲು ಹೊರಟರೆ ಬೇಡ ಅನ್ನು. ಅರಗಿನ ಪಾಲಿಶ್ ತೆಳ್ಳಗೆ ಒಂದು ಕೈ ಸಾಕು. ಕೆರೆದರೆ ಸವೆದದ್ದೆಲ್ಲ ಹೋಗುತ್ತದೆ.

ಇನ್ನೊಂದು. ತಲೆದಿಸೆಯ ಅಡ್ಡಪಟ್ಟಿಯ ಒಳಮೈಗೆ ಕೈ ಹಾಕಿ ನೋಡು. ಕವಳ, ಅದೇ ಎಲೆಯಡಿಕೆ, ಹಾಕುವವರು ಬೆರಳಿನ ಸುಣ್ಣ ಒರೆಸುವುದು ಅಲ್ಲೇ. ಅತ್ತೆಯದು ಪದರ ಪದರವಾಗಿ ಗಟ್ಟಿಯಾಗಿತ್ತು, ಮದುವೆಯಾಗಿ ಬಂದ ಹೊಸತರಲ್ಲಿ ನಾನು ಚಾಕುವಿನಲ್ಲಿ ಕೆರೆಯಲು ಹೋಗಿ ಬೈಸಿಕೊಂಡಿದ್ದೆ. ಸುಣ್ಣ ಸಿಕ್ಕಿತು ಅಂದರೆ ಅದು ನಮ್ಮದೇ ಮಂಚ ಅಂತ ನನಗೆ ಫೋನು ಮಾಡಬೇಡ. ಮಲೆನಾಡಿನ ಯಾವ ಮಂಚಕ್ಕೆ ಸುಣ್ಣ ಇಲ್ಲ? ಆದರೆ ಕೆರೆಯಲೂ ಬೇಡ.

ಭಯ ಪೂರ್ತಿ ಹೋಗದಿದ್ದರೆ ಒಂದು ಗಣಹೋಮ ಮಾಡಿಸಿ ನಾಲ್ಕು ಕಾಲಿಗೂ ಅರಿಸಿನ ಕುಂಕುಮ ಹಚ್ಚು. ಅದರಿಂದ ಏನಾಗುತ್ತದೆ ಅಂತ ನಾನು ಹೇಳಲಾರೆ, ನಿಮ್ಮ ಅತ್ತೆಯವರಿಗಾದರೂ ಸಮಾಧಾನವಾದೀತು. ಅಷ್ಟಾದರೂ ಬೇಡ ಅನ್ನಿಸಿದರೆ ಮುಂಗಡ ಹೋದರೆ ಹೋಯಿತು, ಬಿಟ್ಟುಬಿಡು. ನಾನು ತಪ್ಪು ತಿಳಿಯುವುದಿಲ್ಲ. ತಂದರೆ, ಮೊದಲನೇ ರಾತ್ರಿ ನಿನ್ನ ಮಗಳನ್ನೂ ಪಕ್ಕದಲ್ಲೇ ಮಲಗಿಸಿಕೋ.

ಈ ಕಾಗದ ನಿನ್ನಮ್ಮನ ಕೈಗೆ ಸಿಗದ ಹಾಗೆ ಇಡು. ಮಧ್ಯದ ಆ ಒಂದು ವಿಷಯಕ್ಕೆ ಹೇಳಿದೆ.

ಮಂಚದ ಉದ್ದ ಅಗಲ ಅಳೆದು ಬರಿ. ಹಳೇ ಮಂಚ ಈಗಿನ ಹಾಸಿಗೆಯ ಅಳತೆಗೆ ಬರುವುದಿಲ್ಲ, ಅಂಗಡಿ ಹಾಸಿಗೆ ಕೊಂಡರೆ ಅಂಚಿನಲ್ಲಿ ಜೋತು ಬೀಳುತ್ತದೆ. ಇಲ್ಲಿ ಹಾಸಿಗೆ ಹೊಲಿಯುವವನು ಇನ್ನೂ ಇದ್ದಾನೆ. ಹಿತ್ತಲಿನ ಬೂರುಗದ ಅರಳೆ ಎರಡು ಚೀಲ ಬಿಡಿಸಿ ಇಟ್ಟಿದ್ದೇನೆ, ಅದು ದಿಂಬಿಗೆ ಸಾಕು. ಅಂಗುಲದ ಲೆಕ್ಕದಲ್ಲೇ ಬರಿ, ಸೆಂಟಿಮೀಟರ್ ಅವನಿಗೆ ತಿಳಿಯುವುದಿಲ್ಲ.

ಇಂತಿ ನಿನ್ನ
ದೊಡ್ಡಮ್ಮ